ಹನ್ನೆರಡು ದಿನ ಉಂಡ ನಾಯಿ

ಕಾಳಿನ ಕೋಣೆಯ ಬೀಗ ಒಡೆದು ಬಾಗಿಲು ನೂಕಿದರೆ ಏನೋ ಕೊಳೆತ ನಾತ ಬಡಿಯುತ್ತದೆಂದು ಫೌಜದಾರ ಮಲ್ಕಪ್ಪ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ನಾತ ಬರಲಿಲ್ಲ. ಒಳಗಿನ ಕತ್ತಲಲ್ಲಿ ಎರಡು ಕಣ್ಣು ಹೊಳೆದವು.

"ಯವ್ವಾ!" ಎಂದು ಹಳೆಯ ಪೇದೆ ರೇವಣಪ್ಪ ಲಾಠಿ ಬಿಸಾಕಿ ಅಂಗಳಕ್ಕೆ ಹಾರಿದ.

ಒಳಗಿನಿಂದ ಒಂದು ನಾಯಿ ಹೊರಬಂತು. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿಯ ಮುಧೋಳ ತಳಿ. ಮೇ ತಿಂಗಳ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮೈ ಮುರಿದು, ಆಕಳಿಸಿತು. ಬೊಗಳಲಿಲ್ಲ. ಅದರ ಬೂದು ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು.

ಮಲ್ಕಪ್ಪನ ಕೈಯಿಂದ ಕರವಸ್ತ್ರ ಜಾರಿತು.

ಅದು ತೂಫಾನ್. ಹನ್ನೆರಡು ದಿನದ ಹಿಂದೆ ಹೊಲದ ಗುಡಿಸಲಿನಲ್ಲಿ ಕೊಡಲಿ ಏಟಿಗೆ ಸತ್ತು, ಸುಟ್ಟು ಕರಕಾದ ಚೌಡಾಪುರದ ಜಮೀನುದಾರ ದೌಲತರಾಯನ ನಾಯಿ. ಅವತ್ತೇ ಮಲ್ಕಪ್ಪ ಈ ವಾಡೆಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದ್ದ. ನಾಯಿ ಕಾಣೆಯಾಗಿದೆ ಎಂದು ತನ್ನ ಕೈಯಾರೆ ಬರೆದುಕೊಂಡಿದ್ದ. ಹಿಂದಿನ ಕಾಳಿನ ಕೋಣೆಯನ್ನು ಮಾತ್ರ ತೆರೆದು ನೋಡಿರಲಿಲ್ಲ. ಒಳಗೆ ಏನೋ ಕೆರೆಯುವ ಸದ್ದು ಬರುತ್ತಿದೆ ಎಂದು ಊರವರು ಬಂದು ಹೇಳಿದ್ದಕ್ಕೇ ಇವತ್ತು ಬಂದದ್ದು.

"ಸಾಹೇಬ್ರ," ರೇವಣಪ್ಪ ದೂರದಲ್ಲೇ ನಿಂತು ಅಂದ. "ಹನ್ನೆರಡು ದಿನ ಕೀಲಿ ಹಾಕಿದ ಮನ್ಯಾಗಿದ್ದ ನಾಯಿ ಹಿಂಗ ಇರ್ತದೇನ್ರಿ?"

"ಇರಬಾರದು."

"ಧಣೇರ ಹೆಣಕ್ಕ ಎಡಗೈ ಇರಲಿಲ್ರಿ."

ಮಲ್ಕಪ್ಪ ತಟ್ಟನೆ ಅವನತ್ತ ತಿರುಗಿದ. ರೇವಣಪ್ಪನ ತುಟಿ ಬಿಳಚಿತ್ತು. ಕೋಣೆಯ ಮೂಲೆಯತ್ತ ಬೆರಳು ತೋರಿಸಿದ. ಅಲ್ಲಿ ನಾಯಿಯ ಒಣಗಿದ ಮಲ. ಅದರೊಳಗೆ ಬೆಳ್ಳಗೆ, ಚೂರು ಚೂರಾಗಿ, ಎಲುಬಿನಂಥ ಏನೋ.

ಮಲ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಭೀಮಾ ನದಿಯಿಂದ ಎಷ್ಟೋ ಹೆಣ ಎತ್ತಿಸಿದ್ದ. ಹೀಗೆ ಎಂದೂ ಆಗಿರಲಿಲ್ಲ. ಆಳು ಮಾಳಿಂಗಪ್ಪ ಯಜಮಾನನನ್ನು ಕೊಂದ ಎಂದು ಹಿಡಿದು ಲಾಕಪ್ಪಿಗೆ ಹಾಕಿದ್ದವನು ತಾನು. ಕೊಂದು, ಕೈ ಕಡಿದು, ಯಜಮಾನನ ನಾಯಿಗೇ ಹಾಕಿದನೇ?

ರೇವಣಪ್ಪ ಜೇಬಿನಿಂದ ಗ್ಲೂಕೋಸ್ ಬಿಸ್ಕೀಟು ತೆಗೆದು ನಾಯಿಯ ಮುಂದೆ ಎಸೆದ. ತೂಫಾನ್ ಅದನ್ನು ಮೂಸಲೂ ಇಲ್ಲ.

"ದನದ ದವಾಖಾನಿ ಡಾಕ್ಟರನ್ನ ಕರ್ಕೊಂಡು ಬಾ," ಎಂದ ಮಲ್ಕಪ್ಪ. "ಜೀಪ್ ತಗೊಂಡು ಹೋಗು. ಊರಾಗ ಯಾರ ಮುಂದೂ ಬಾಯಿ ಬಿಡಬ್ಯಾಡ."

*

ಅಫಜಲಪುರದಿಂದ ಬಂದ ಡಾಕ್ಟರ್ ಖುರ್ಷಿದ ಮೂವತ್ತರ ಹೆಣ್ಣುಮಗಳು. ದವಾಖಾನೆಗೆ ಹೊಸದಾಗಿ ಬಂದಾಗ ಎತ್ತಿನ ಗೊರಸು ಹಿಡಿಯುವ ಹೆಂಗಸನ್ನು ನೋಡಲು ಸಂತೆಯ ಜನ ನಿಲ್ಲುತ್ತಿದ್ದರಂತೆ. ಆಕೆ ನಾಯಿಯನ್ನು ಮೊದಲು ದೂರದಿಂದ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಮಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ಬಿಡಿಸತೊಡಗಿದಳು. ಮಲ್ಕಪ್ಪ ಪಕ್ಕಕ್ಕೆ ಬಂದು ನಿಂತ.

"ಮನಷ್ಯಾಂದು ಏನ್ರಿ?"

"ಏನು ಮನಷ್ಯಾಂದು?"

"ಎಲುಬು."

ಖುರ್ಷಿದ ತಲೆ ಎತ್ತಿ ಅವನನ್ನೇ ನೋಡಿದಳು. ಅವನು ಏನು ಕೇಳುತ್ತಿದ್ದಾನೆಂದು ಅರ್ಥವಾಗಲು ಆಕೆಗೆ ಒಂದು ಗಳಿಗೆ ಬೇಕಾಯಿತು. "ಯಾ ಅಲ್ಲಾ! ಇದು ತತ್ತಿ ಸಿಪ್ಪಿ ಸಾಹೇಬ್ರ. ಕೋಳಿ ತತ್ತಿ ಸಿಪ್ಪಿ, ಕುಟ್ಟಿ ಹಾಕ್ಯಾರ. ಇಕಾ, ಇದು ಮೀನಿನ ಹುರುಪಿ. ಮನಷ್ಯಾಂದು ಒಂದು ಉಗುರೂ ಇಲ್ಲ."

ಹಾಗಾದರೆ ಹೆಣದ ಎಡಗೈ ಬೆಂಕಿಯಲ್ಲೇ ಸುಟ್ಟು ಹೋಗಿರಬೇಕು. ಮಲ್ಕಪ್ಪ ಗೋಡೆಗೆ ಒರಗಿದ. ರೇವಣಪ್ಪ ಅಂಗಳದಲ್ಲೇ ಕೂತುಬಿಟ್ಟ.

ಡಾಕ್ಟರ್ ಮಾತ್ರ ಸುಮ್ಮನಾಗಲಿಲ್ಲ. ಮೂಲೆಯಲ್ಲಿದ್ದ ಅಲ್ಯೂಮಿನಿಯಮ್ ತಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚಿಗೆ ಅಂಟಿ ಒಣಗಿದ್ದನ್ನು ಉಗುರಿಂದ ಕೆರೆದಳು. ಮೂಸಿದಳು. ಬೆರಳಲ್ಲಿ ಉಜ್ಜಿದಳು. ಆಕೆಯ ಹುಬ್ಬು ಗಂಟಿಕ್ಕಿತು.

"ಏನಾತ್ರಿ?"

"ಅಕ್ಕಿ ಅನ್ನ. ಮೆತ್ತಗ ಬೇಯಿಸಿದ್ದು. ಕುಂಬಳಕಾಯಿ ಕೂಡ ಅದ. ಈ ಕರ್ರಗಿಂದು ಕಲೇಜಿ, ಕುರಿ ಯಕೃತ್ತು, ಒಣಗಿಸಿ ಪುಡಿ ಮಾಡಿದ್ದು. ಮ್ಯಾಲೆ ಶೇಂಗಾ ಎಣ್ಣಿ." ಆಕೆ ತಟ್ಟೆಯನ್ನು ಕೆಳಗಿಟ್ಟಳು. "ನಮ್ಮ ಕಡೆ ನಾಯಿಗಿ ಏನು ಹಾಕ್ತಾರ?"

"ಉಳದ ರೊಟ್ಟಿ. ಭಾಳಂದ್ರ ಮಜ್ಜಗಿ."

"ಹೌದಲ್ರೀ? ಜ್ವಾಳದ ರೊಟ್ಟಿ. ಇದ್ರಾಗ ಜ್ವಾಳದ ಒಂದು ನುಚ್ಚೂ ಇಲ್ಲ. ಇದು ಉಳದ ಊಟ ಅಲ್ರಿ, ಅಳತಿ ಇಟ್ಟು ಮಾಡಿದ್ದು. ಅನ್ನ ತಾಕತ್ತಿಗಿ, ಹಗೂರ ಅರಗ್ತದ. ಮೀನು ಮಾಂಸಖಂಡಕ್ಕ. ಕಲೇಜಿ ರಕ್ತಕ್ಕ, ಕಣ್ಣಿಗಿ. ಅದೂ ಚಿಟಿಕಿ ಅಷ್ಟೇ, ಹೆಚ್ಚಾದ್ರ ವಿಷ ಆಗ್ತದ. ತತ್ತಿ ಸಿಪ್ಪಿ ಎಲುಬಿಗಿ. ಕುಂಬಳಕಾಯಿ ಹೊಟ್ಟಿ ಹಸನ ಇಡ್ತದ. ಎಣ್ಣಿ ತೊಗಲಿಗಿ, ಅದಕ್ಕೇ ಮೈ ಹಂಗ ಹೊಳ್ಯಾಕತ್ತದ. ಉಪ್ಪಿಲ್ಲ. ಉಳ್ಳಾಗಡ್ಡಿ ಇಲ್ಲ, ಅದು ನಾಯಿಗಿ ಆಗೂದಿಲ್ಲ. ಇದನ್ನ ಮಾಡ್ದಾಂವಗ ಒಂದೊಂದೂ ಯಾಕ ಹಾಕಬೇಕು ಅಂತ ಗೊತ್ತದ."

"ಇಷ್ಟೆಲ್ಲಾ ಈ ಊರಾಗ ಯಾರಿಗಿ ಗೊತ್ತಿರ್ತದ?"

ಖುರ್ಷಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ನನಗ."

ಮಲ್ಕಪ್ಪ ನೆಟ್ಟಗೆ ನಿಂತ.

"ಇದು ನಾ ಬರದುಕೊಟ್ಟ ಚೀಟಿ ಸಾಹೇಬ್ರ. ಹೋದ ದೀಪಾವಳಿಗಿ ಈ ನಾಯಿ ಮೈತುಂಬಾ ಕಜ್ಜಿ ಎದ್ದು ಕೂದಲು ಉದುರಿತ್ತು. ಜ್ವಾಳ ಇದಕ್ಕ ಒಗ್ಗೂದಿಲ್ಲ, ಬಂದ್ ಮಾಡ್ರಿ ಅಂತ ಹೇಳಿ, ಇದೇ ಊಟ, ಇದೇ ಅಳತಿ ಬರದು ಕೊಟ್ಟೆ. ದೌಲತರಾಯರು ಆ ಚೀಟಿ ಓದಿ, ನಕ್ಕು, ಮಡಚಿ ಇಟ್ಕೊಂಡ್ರು. ಬಾಜೂಕ ಅವ್ರ ಮನಿಯವ್ರು ಇದ್ರು. ಮೂರನೇದವ್ರು ಯಾರೂ ಇರಲಿಲ್ಲ."

ಮಲ್ಕಪ್ಪ ಕೋಣೆಯ ಹಿಂಭಾಗಕ್ಕೆ ಹೋದ. ಹಿತ್ತಲಿಗೆ ತೆರೆಯುವ ಕಿರುಬಾಗಿಲೊಂದಿತ್ತು. ಹೊರಗೆ ಸುತ್ತಿಬಂದು ನೋಡಿದ. ಹಿತ್ತಾಳೆ ಬೀಗ. ಒಡೆದ ಗುರುತಿಲ್ಲ, ಗೀರೂ ಇಲ್ಲ. ಬೀಗದ ಬಾಯಿಗೆ ಹೊಸದಾಗಿ ಎಣ್ಣೆ ಬಿಟ್ಟಿದ್ದರು. ಹಿತ್ತಲಿನಾಚೆ ಜಾಲಿ ಮರ, ಅದರಾಚೆ ಗಾಣಗಾಪುರದ ದಾರಿ. ದಿನಾ ನೂರಾರು ಯಾತ್ರಿಕರು ತಲೆಗೆ ಟವಲ್ ಸುತ್ತಿ ನಡೆಯುವ ದಾರಿ. ಅಲ್ಲಿ ಒಬ್ಬ ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ?

ಕೀಲಿಕೈಯಿಂದ ಬೀಗ ತೆಗೆದು, ಊಟ ಹಾಕಿ, ಮತ್ತೆ ಬೀಗ ಹಾಕಿ ಹೋಗಿದ್ದರು. ಹನ್ನೆರಡು ದಿನ. ತನ್ನ ಮುದ್ರೆ ಮುಂಬಾಗಿಲಲ್ಲಿ ಕೆಂಪಗೆ ಹೊಳೆಯುತ್ತಿದ್ದಾಗಲೇ.

*

ಆಳಂದಕ್ಕೆ ಜೀಪು ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ದೌಲತರಾಯನ ಹೆಂಡತಿ ಸುಮಿತ್ರಾಬಾಯಿ ನಾಲ್ಕು ತಿಂಗಳಿಂದ ಇಲ್ಲಿ ತವರಿನಲ್ಲಿದ್ದಳು. ಗಂಡನ ಮಣ್ಣಿಗೆ ಬಂದವಳು ಅದೇ ಸಂಜೆ ಹಿಂತಿರುಗಿದ್ದಳು. ಮಲ್ಕಪ್ಪನಿಗೆ ಅದು ಆಗಲೇ ವಿಚಿತ್ರವೆನಿಸಿತ್ತು. ಈಗ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಚೀಟಿ ನೋಡಿದವರು ಇಬ್ಬರು. ಒಬ್ಬ ಸತ್ತಿದ್ದಾನೆ. ಉಳಿದವಳು ಈಕೆ.

ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಹಣೆಗೆ ವಿಭೂತಿ, ಬರಿಗೈ.

"ನಿಮ್ಮ ನಾಯಿ ಸಿಕ್ಕದ್ರಿ," ಎಂದ ಮಲ್ಕಪ್ಪ, ಪೀಠಿಕೆಯಿಲ್ಲದೆ.

"ಸತ್ತದೇನು?"

"ಜೀವಂತ ಅದ. ದಿನಾ ಉಂಡು ಮೈ ತುಂಬಕೊಂಡದ. ಕಾಳಿನ ಖೋಲ್ಯಾಗ."

ಸುಮಿತ್ರಾಬಾಯಿಯ ಕೈ ಕಂಬದ ಮೇಲೆ ಬಿಗಿಯಾಯಿತು. ಮಲ್ಕಪ್ಪ ಅದನ್ನು ಗಮನಿಸಿದ.

"ಹಿತ್ತಲ ಬಾಗಲದ ಕೀಲಿಕೈ ಯಾರ ಹತ್ರ ಅದಾವ್ರಿ?"

"ಮೂರು. ನನ್ನ ಹತ್ರ ಒಂದು, ಮಾಳಿಂಗನ ಹತ್ರ ಒಂದು, ಅವ್ರದೊಂದು."

"ಮಾಳಿಂಗಂದು ನನ್ನ ಠಾಣ್ಯಾಗದ. ನಿಮ್ಮದು ತೋರಸ್ರಿ."

ಆಕೆ ಎದ್ದು ಒಳಗೆ ಹೋದಳು, ಟ್ರಂಕು ತೆರೆದ ಸದ್ದಾಯಿತು. ತಂದು ಕೊಟ್ಟ ಕೀಲಿಕೈಯ ಮೇಲೆ ತುಕ್ಕು ದಪ್ಪಗೆ ಕಟ್ಟಿತ್ತು. ಹಲ್ಲುಗಳ ಸಂದಿಯಲ್ಲೂ ತುಕ್ಕು. ತಿಂಗಳುಗಟ್ಟಲೆ ಯಾವ ಬೀಗಕ್ಕೂ ಇಳಿಯದ ಕೀಲಿಕೈ ಅದು. ಮಲ್ಕಪ್ಪ ಅದನ್ನು ಹೆಬ್ಬೆರಳಿಂದ ಉಜ್ಜಿದ. ಬೆರಳು ಕೆಂಪಾಯಿತು. ಅವನ ಲೆಕ್ಕದ ಒಂದು ಕಾಲು ಮುರಿಯಿತು.

ಆದರೂ ಬಿಡಲಿಲ್ಲ. "ಡಾಕ್ಟರಬಾಯಿ ಬರದ ಚೀಟಿ ನೀವು ನೋಡೀರಿ."

"ನೋಡೇನಿ. ಆ ಚೀಟಿ ಸಂಬಂಧಾನೇ ಇಲ್ಲಿ ಬಂದು ಕುಂತೇನಿ." ಆಕೆಯ ದನಿ ಮೊದಲ ಸಲ ಏರಿತು. "ಕೊರಳಾಗ ಲಿಂಗ ಕಟ್ಟಿದ ಮನಿ ಸಾಹೇಬ್ರ ನಮ್ಮದು. ಪೂಜಿ ಖೋಲಿ ಬಾಜೂಕ ಒಲಿ ಹಚ್ಚಿ ಕಲೇಜಿ ಕುದಸ್ತಿದ್ರು. ಬಿಸಲಾಗ ಮೀನು ಒಣಗಸ್ತಿದ್ರು. ನಾಯೀನೋ ನಾನೋ ಅಂದೆ. ಒಂದು ಮಾತೂ ಆಡಲಿಲ್ಲ. ಬಸ್‌ಸ್ಟ್ಯಾಂಡಿನ ತನಕಾ ಬಂದು ಟಿಕೀಟ ತಗಸಿ ಕೊಟ್ರು."

"ಮಾಳಿಂಗ ಅವತ್ತಿಂದ ಲಾಕಪ್ಪಿನಾಗ ಅದಾನ. ಅಂದ್ರ ಆ ಊಟ ಮಾಡೂದು ಬ್ಯಾರೆ ಯಾರಿಗೋ ಗೊತ್ತಿತ್ತು. ಅವ್ರು ಹಾಕ್ಯಾರ."

"ಹಾಕಿದ್ರ ಅದು ತಿನಬೇಕಲ್ಲ?"

"ಅಂದ್ರ?"

ಸುಮಿತ್ರಾಬಾಯಿ ಅವನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಇದಕ್ಕಿಂತ ಮೊದಲಿನ ನಾಯಿಗಿ ಯಾರೋ ವಿಷ ಹಾಕಿ ಕೊಂದ್ರು. ಅವತ್ತಿಂದ ಅವ್ರು ತೂಫಾನಗ ಕಲಿಸಿಬಿಟ್ಟಾರ. ಅವ್ರು ತಾವೇ ಕೈ ಹಾಕಿ ಕಲಸಿ, ಮುಂದ ಕುಂತು 'ಖಾ ಬೇಟಾ' ಅನ್ನಬೇಕು. ಇಲ್ಲಂದ್ರ ಮುಟ್ಟೂದಿಲ್ಲ. ನಾ ಹಾಕಿದ್ದೂ ಮುಟ್ಟಲಿಲ್ಲ. ಒಂದ್ಸಲ ಅವ್ರು ಹೈದರಾಬಾದಿಗಿ ಹೋಗಿ ನಾಕು ದಿನ ಬರಲಿಲ್ಲ. ನಾಕು ದಿನಾನೂ ಉಪಾಸ ಬಿದ್ದಿತ್ತು."

ರೇವಣಪ್ಪನ ಬಿಸ್ಕೀಟು ಅಂಗಳದ ಮಣ್ಣಿನಲ್ಲಿ ಹಾಗೇ ಬಿದ್ದದ್ದು ಮಲ್ಕಪ್ಪನ ಕಣ್ಣ ಮುಂದೆ ಬಂತು.

ಆಕೆಯೂ ಅಲ್ಲಿಗೇ ತಲುಪಿದ್ದಳು. ತಾನೇ ಆಡಿದ ಮಾತು ತನ್ನ ಕಿವಿಗೇ ಈಗ ಬಿದ್ದ ಹಾಗೆ ಆಕೆಯ ಮುಖದ ಬಣ್ಣ ಇಳಿಯುತ್ತಾ ಹೋಯಿತು.

"ಸಾಹೇಬ್ರ," ಎಂದಳು ಪಿಸುದನಿಯಲ್ಲಿ. "ಬೂದ್ಯಾಗ ಸಿಕ್ಕಿದ್ದು ಅಂತ ಉಂಗುರ ಕೊಟ್ರಿ. ಲಿಂಗದ ಬೆಳ್ಳಿ ಕರಡಗಿ ಕೊಟ್ರಿ. ಉಡದಾರದಾಗಿನ ಕೀಲಿಕೈ ಗೊಂಚಲ ಯಾಕ ಕೊಡಲಿಲ್ಲ?"

"ಗೊಂಚಲ ಸಿಗಲಿಲ್ರಿ."

"ಮಲಗಿದ್ರೂ, ಜಳಕ ಮಾಡಿದ್ರೂ ಅದು ಅವ್ರ ಸೊಂಟದಾಗೇ ಇರ್ತಿತ್ತು. ಕಬ್ಬಿಣ ಸುಟ್ಟು ಬೂದಿ ಆಗ್ತದೇನು?"

ಆಗುವುದಿಲ್ಲ. ಬೂದಿಯನ್ನು ಜರಡಿ ಹಿಡಿಸಿದ್ದು ಅವನೇ. ಸಿಕ್ಕ ವಸ್ತುಗಳ ಪಟ್ಟಿಗೆ ಸಹಿ ಹಾಕಿದ್ದೂ ಅವನೇ. ಕೊಡಲಿಯ ತಲೆ ಸಿಕ್ಕಿತ್ತು, ಮಲಗಿದ್ದ ಹೊರಸಿನ ಮೊಳೆಗಳು ಸಿಕ್ಕಿದ್ದವು. ಕೀಲಿಕೈಗಳ ಗೊಂಚಲು ಸಿಕ್ಕಿರಲಿಲ್ಲ. ಅದನ್ನು ಹುಡುಕಬೇಕೆಂದೇ ಅವನಿಗೆ ಹೊಳೆದಿರಲಿಲ್ಲ.

ಸುಮಿತ್ರಾಬಾಯಿ ತನ್ನ ಬರಿಗೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡಳು. ಹನ್ನೆರಡು ದಿನದ ಹಿಂದೆ ಒಡೆದ ಬಳೆಯ ಗಾಯ ಮಣಿಕಟ್ಟಿನ ಮೇಲೆ ಇನ್ನೂ ಮಾಯ್ದಿರಲಿಲ್ಲ.

"ಹಂಗಾರ ನಾ ಮಣ್ಣ ಕೊಟ್ಟಿದ್ದು ಯಾರಿಗಿ?" ಎಂದಳು. ಆಮೇಲೆ ಅದೇ ಮಾತನ್ನು ಕಿರುಚಿ ಕೇಳಿದಳು. ಒಳಗಿನಿಂದ ಹೆಂಗಸರು ಓಡಿಬಂದರು.

*

ಅಫಜಲಪುರಕ್ಕೆ ವಾಪಸು ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಮಲ್ಕಪ್ಪನ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ವಿಷಯ. ದೌಲತರಾಯ ಬದುಕಿದ್ದಾನೆ. ಸತ್ತ ಮನುಷ್ಯನ ವೇಷ ಹಾಕಿಕೊಂಡು, ಹೆಂಡತಿ ಬಳೆ ಒಡೆದುಕೊಳ್ಳುವುದನ್ನೂ, ಆಳು ಕೊಲೆಗಾರನಾಗುವುದನ್ನೂ ನೋಡುತ್ತಾ ಎಲ್ಲೋ ಹತ್ತಿರದಲ್ಲೇ ಇದ್ದಾನೆ. ಅವನಿಗೆ ಬಿಡಲಾಗದೇ ಹೋದದ್ದು ನಾಯಿ ಒಂದೇ.

ಅಂದರೆ ಮಾಳಿಂಗಪ್ಪ? ಯಾವ ಯಜಮಾನನನ್ನು ಕೊಂದ ಎಂದು ತಾನು ಅವನಿಗೆ ಮೂರು ದಿನ ಲಾಠಿ ಬೀಸಿಸಿದೆನೋ, ಆ ಯಜಮಾನ ಕುಂಬಳಕಾಯಿ ಬೇಯಿಸುತ್ತಾ ಕೂತಿದ್ದ! ಮಲ್ಕಪ್ಪನಿಗೆ ತನ್ನ ಕೈಯನ್ನೇ ನೋಡಲು ನಾಚಿಕೆಯಾಯಿತು.

ಠಾಣೆಯ ಬೇವಿನ ಮರದ ಕೆಳಗೆ ಮಾಳಿಂಗಪ್ಪನ ಹೆಂಡತಿ ಬಾಳಮ್ಮ ಬುತ್ತಿ ಗಂಟು ಹಿಡಿದು ಕೂತಿದ್ದಳು. ಹನ್ನೆರಡು ದಿನವೂ ಹಾಗೇ ಕೂತಿದ್ದಳು. ಮಲ್ಕಪ್ಪ ಎಂದಿನಂತೆ ಮುಖ ತಿರುಗಿಸಿ ಹೋಗಲಿಲ್ಲ.

"ಬಾ ಬೇ ಯವ್ವಾ ಒಳಗ," ಎಂದ. "ನಿನ್ನ ಗಂಡನ್ನ ಬಿಡೂ ವ್ಯಾಳ್ಯಾ ಬಂತು."

ಅವಳಿಗೆ ನಂಬಿಕೆ ಬರಲಿಲ್ಲ. ನಂಬಿಕೆ ಬಂದಾಗ ಬುತ್ತಿ ಗಂಟು ಕೆಳಗಿಟ್ಟು ಅವನ ಬೂಟಿಗೆ ಹಣೆ ಹಚ್ಚಲು ಬಗ್ಗಿದಳು. ಮಲ್ಕಪ್ಪ ಹೆದರಿದವನಂತೆ ಹಿಂದೆ ಸರಿದ.

ಲಾಕಪ್ಪಿನಲ್ಲಿ ಮಾಳಿಂಗಪ್ಪ ಮಂಡಿಗೆ ತಲೆ ಇಟ್ಟು ಕೂತಿದ್ದ. ಹನ್ನೆರಡು ದಿನವೂ ಅವನ ಬಾಯಲ್ಲಿ ಒಂದೇ ಮಾತು: ನನಗೇನೂ ಗೊತ್ತಿಲ್ರಿ. ಮಲ್ಕಪ್ಪ ತಾನೇ ಕೀಲಿ ತೆಗೆದ. ಒಳಗೆ ಹೋಗಿ ಅವನೆದುರು ನೆಲದ ಮೇಲೆ ಕೂತ.

"ಮಾಳಿಂಗಪ್ಪಾ, ನಂದು ತಪ್ಪಾಗ್ಯದ. ನಿನ್ನ ಧಣಿ ಸತ್ತಿಲ್ಲ."

ಮಾಳಿಂಗಪ್ಪ ತಲೆ ಎತ್ತಲಿಲ್ಲ.

"ಕೇಳಸ್ತೇನೋ? ದೌಲತರಾಯ ಜೀವಂತ ಅದಾನ. ದಿನಾ ಬಂದು ನಾಯಿಗಿ ಉಣಿಸಿ ಹೋಗ್ಯಾನ. ಇವತ್ತು ಪತ್ತೆ ಆತು."

ಅವನು ನಿಧಾನವಾಗಿ ಮುಖ ಎತ್ತಿದ. ಮಲ್ಕಪ್ಪ ಅಲ್ಲಿ ಸಂತೋಷ ಕಾಣಬಹುದೆಂದುಕೊಂಡಿದ್ದ. ಅಳು ಬರಬಹುದು, ಬೈಗುಳ ಬರಬಹುದು ಎಂದೂ ಎಣಿಸಿದ್ದ. ಆ ಮುಖದಲ್ಲಿ ಇದ್ದದ್ದು ಭಯ. ಹಗ್ಗದ ಕುಣಿಕೆಯನ್ನು ಕಣ್ಣಾರೆ ಕಂಡವನ ಭಯ.

"ಸುಳ್ಳು," ಎಂದ ಮಾಳಿಂಗಪ್ಪ.

"ಖರೇ ಹೇಳಾಕತ್ತೇನಿ."

"ಸುಳ್ಳು ಸಾಹೇಬ್ರ. ಅವ್ರು ಸತ್ತಾರ. ನಾನೇ ಹೊಡದೇನಿ."

ಬಾಗಿಲಲ್ಲಿ ನಿಂತಿದ್ದ ಬಾಳಮ್ಮನ ಗಂಟಲಿನಿಂದ ಏನೋ ಒಂದು ಸದ್ದು ಹೊರಟು ಅರ್ಧಕ್ಕೇ ನಿಂತಿತು. ಮಲ್ಕಪ್ಪ ಮುಂದಕ್ಕೆ ಬಾಗಿದ.

"ಏನಂದಿ?"

"ಮಧ್ಯಾಹ್ನ ಗುಡಿಸಲದಾಗ ಮಲಗಿದ್ರು. ನೊಣ ಬರ್ತಾವಂತ ಮಾರಿಮ್ಯಾಲೆ ಟವಲ್ ಹೊದ್ಕೊಂಡಿದ್ರು. ಮಾರಿ ನೋಡ್ಲಿಲ್ರಿ ನಾ. ನೋಡಿದ್ರ ಕೈ ಏಳೂದಿಲ್ಲ ಅನಸ್ತು. ಬೆರಳಾಗ ಆ ಉಂಗುರ ಇತ್ತು. ಅದನ್ನೇ ನೋಡಿ ಹೊಡದೆ. ಒಂದೇ ಏಟು. ಆಮ್ಯಾಲೆ ಬೆಂಕಿ ಹಚ್ಚಿದೆ." ಅವನು ಮಲ್ಕಪ್ಪನ ತೋಳು ಹಿಡಿದುಕೊಂಡ. "ಅವ್ರು ಜೀವಂತ ಇದ್ರ, ಆ ಹೊರಸಿನ ಮ್ಯಾಲೆ ಇದ್ದಾಂವ ಯಾರ್ರೀ?"

ಉಂಗುರ ತಾನಾಗಿ ಬೇರೆಯವನ ಬೆರಳಿಗೆ ಹೋಗುವುದಿಲ್ಲ. ಯಾರೋ ತೊಡಿಸಿದ್ದರು. ಏಟು ಬೀಳುವ ಮೊದಲೇ ತೊಡಿಸಿ, ಮಲಗಿಸಿದ್ದರು.

"ಯಾಕ ಹೊಡದಿ?" ಎಂದ ಮಲ್ಕಪ್ಪ.

"ನನ್ನ ತಂಗಿ ತುಳಜಾಬಾಯಿ ಹೋದ ವರ್ಷ ಬಾವ್ಯಾಗ ಬಿದ್ದು ಸತ್ಲು. ಕಾಲು ಜಾರಿ ಬಿದ್ಲು ಅಂತ ತಿಳ್ಕೊಂಡಿದ್ದೆ. ಧಣೇರು ನೂಕಿದ್ರಂತ."

"ಯಾರು ಹೇಳಿದ್ರು ನಿನಗ?"

ಹನ್ನೆರಡು ದಿನದಲ್ಲಿ ಒಮ್ಮೆಯೂ ತಾನು ಇದನ್ನು ಯೋಚಿಸಿರಲಿಲ್ಲವೆಂಬುದು ಈಗ ಮಾಳಿಂಗಪ್ಪನ ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಅವ್ರೇ," ಎಂದ. "ಅವತ್ತು ಮುಂಜಾನಿ ಧಣೇರೇ ಕರದು, ಕುಂಡ್ರಿಸಿ, ಚಾ ಕೊಟ್ಟು ಹೇಳಿದ್ರು. ನಿನ್ನ ತಂಗೀನ ನಾನೇ ನೂಕಿದ್ದೆ ಅಂದ್ರು. ಮಧ್ಯಾಹ್ನ ನಾ ಗುಡಿಸಲದಾಗ ಒಬ್ಬನೇ ಮಲಗ್ತೇನಿ, ಯಾರೂ ಆ ಕಡೆ ಬರಬ್ಯಾಡ್ರಿ ಅಂದ್ರು. ನಾ ಏನೂ ಮಾತಾಡದ ಎದ್ದು ಹೊಂಟೆ. ಹಿಂದಿಂದ ಕರದು ಇನ್ನೊಂದು ಮಾತು ಹೇಳಿದ್ರು ಸಾಹೇಬ್ರ."

"ಏನು?"

"ಕೊಡಲಿ ಮಸದು ಗುಡಿಸಲ ಬಾಗಲಕ್ಕ ಇಟ್ಟು ಹೋಗು ಅಂದ್ರು."